ಮನೋಳಿಯ ಹೊಳೆ, ಪಾದರಸದ ಗೆರೆ

1800ನೆಯ ಇಸವಿ, ಜುಲೈ 30. ಪುಷ್ಯ ಮಳೆಯ ಕೊನೆಯ ದಿನಗಳು. ಮಲಪ್ರಭೆ ದಡ ಮುಟ್ಟಿ ಹರಿಯುತ್ತಿದ್ದಳು. ಮನೋಳಿ ಊರು, ಅದರ ಕೋಟೆ ಎಡದಂಡೆಯ ಮೇಲೆ. ಎದುರಿನ ಬಲದಂಡೆಯಲ್ಲಿ ಧೋಂಡಿಯಾ ವಾಘನ ದಂಡಿನ ದೊಡ್ಡದೊಂದು ಭಾಗ ಬೀಡುಬಿಟ್ಟಿತ್ತು. ಆನೆ, ಒಂಟೆ, ಎತ್ತು, ಕುದುರೆ, ಅವುಗಳ ನಡುವೆ ಹೆಂಗಸರು, ಮಕ್ಕಳು. ತೋಪುಗಳು ಆಗಲೇ ಆಚೆ ದಡ ಸೇರಿದ್ದವು. ಮಿಕ್ಕವರಿಗೆ ದಾಟುವ ದಾರಿ ಇನ್ನೂ ಸಿಕ್ಕಿರಲಿಲ್ಲ. ಮಧ್ಯಾಹ್ನದ ಮೇಲೆ ಇಂಗ್ಲಿಷರ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕುದುರೆ ಪಡೆ ಅವರ ಮೇಲೆ ಬಿತ್ತು. ಅವನ ಕಾಲಾಳುಗಳು ದೂರದ ನಡಿಗೆಯಿಂದ ದಣಿದು ಹಿಂದೆ ಬರುತ್ತಿದ್ದರು. ಅವರಿಗಾಗಿ ಆತ ಕಾಯಲಿಲ್ಲ.

ಮುಂದೆ ಆದದ್ದನ್ನು ಯುದ್ಧ ಎನ್ನುವುದಕ್ಕಿಂತ ಮುಳುಗು ಎನ್ನುವುದೇ ಸರಿ. ಹಿಂದೆ ಕತ್ತಿ, ಮುಂದೆ ಕೆಂಪು ನೀರು. ಧೋಂಡಿಯಾನ ಸರದಾರ ಬಬರ್ ಜಂಗ್ ಕಾದಾಡಲೆಂದು ಕವಚ ತೊಟ್ಟು ಕುದುರೆ ಏರಿದ. ಆ ಕುದುರೆಯನ್ನೇ ಹೊಳೆಗೆ ಇಳಿಸಿ, ಅಲ್ಲೇ ಮುಳುಗಿ ಸತ್ತ. ಎಷ್ಟೋ ಮಂದಿಗೆ ಅದೇ ಗತಿಯಾಯಿತು. ಎರಡು ದಿನಗಳ ಬಳಿಕ ವೆಲ್ಲೆಸ್ಲಿ ಕಂಪನಿ ಸರ್ಕಾರದ ಅಧಿಕಾರಿ ಥಾಮಸ್ ಮನ್ರೋಗೆ ಬರೆದ ಕಾಗದದ ನೆತ್ತಿಯಲ್ಲಿ ಮನೋಳಿಯ ಎದುರಿನ ಮಲಪ್ರಭೆಯ ಬಲದಂಡೆ ಎಂದೇ ಠಿಕಾಣಿ ಇದೆ. ಹದಿನೈದು ವರ್ಷಗಳ ಬಳಿಕ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾನಿ ಇವನೇ. ಸ್ವತಂತ್ರವಾಗಿ ಒಂದು ದಂಡಯಾತ್ರೆ ನಡೆಸುವುದನ್ನು ಆತ ಕಲಿತದ್ದು ನಮ್ಮ ಎರೆನೆಲದ ಕೆಸರಿನಲ್ಲಿ, ವರದೆ, ಮಲಪ್ರಭೆ, ಘಟಪ್ರಭೆಗಳ ದಡದಲ್ಲಿ.

ಧೋಂಡಿಯಾ ಚನ್ನಗಿರಿ ಕಡೆಯವನು. ಹೈದರನ ಚಾಕರಿಯಲ್ಲಿದ್ದು, ಟಿಪ್ಪುವಿನ ಸೆರೆಮನೆಯಲ್ಲಿ ಕೊಳೆತು, 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ದಿನಗಳಲ್ಲಿ ಹೊರಬಂದವನು. ವರ್ಷ ತುಂಬುವುದರೊಳಗೆ ತನ್ನನ್ನು ಉಭಯ ಲೋಕಗಳ ದೊರೆ ಎಂದು ಕರೆದುಕೊಂಡ. 1800ರ ಜೂನ್ ಕೊನೆಗೆ ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯನ್ನು ಕಿತ್ತೂರ ಬಳಿ ಕೊಂದ. ಒಂದು ತಿಂಗಳಲ್ಲಿ ಮನೋಳಿಯ ಪೆಟ್ಟು ಬಿತ್ತು. ಆದರೂ ಆತ ಸಿಗಲಿಲ್ಲ. ತುಂಬಿದ ಹೊಳೆಯನ್ನು ಬಯಲಲ್ಲಿ ದಾಟಲಾಗದೆ ಪಡುವಣಕ್ಕೆ ತಿರುಗಿ, ಕಿತ್ತೂರು ಸೀಮೆಯ ಕಾಡಿನೊಳಗೆ ನುಗ್ಗಿ, ಮಲಪ್ರಭೆ ಇನ್ನೂ ಹಳ್ಳದಂತಿರುವ ಮೂಲದ ಕಡೆಯಿಂದ ಸುತ್ತುಹಾಕಿದ. ಬೆನ್ನಟ್ಟಿದವರಿಗೆ ಹರಿಗೋಲು ಕಟ್ಟಿಸಿಕೊಂಡು ಹೊಳೆ ದಾಟುವುದರಲ್ಲೇ ದಿನಗಳು ಹೋದವು. ಆಗಸ್ಟ್ ಕೊನೆಯಲ್ಲಿ ನೀರು ಒಮ್ಮೆಗೇ ತಗ್ಗಿತು. ವೆಲ್ಲೆಸ್ಲಿ ಹೆಣೆದಿದ್ದ ಬಲೆಗೆ ಹೊಳೆಯೇ ಒಂದು ಅಂಚಾಗಿತ್ತು. ಆ ಅಂಚು ಸಡಿಲವಾದ ರಾತ್ರಿ ಧೋಂಡಿಯಾ ಹಾಯ್ದು ನಿಜಾಮನ ಸೀಮೆಗೆ ಪಾರಾದ. ಸೆಪ್ಟೆಂಬರ್ 10ರಂದು ಕೋಣಗಲ್ ಬಯಲಿನಲ್ಲಿ ಸತ್ತ.

ಈ ಓಟದಲ್ಲಿ ಕಲಿತದ್ದನ್ನು ವೆಲ್ಲೆಸ್ಲಿ 1801ರಲ್ಲಿ ಒಂದು ಟಿಪ್ಪಣಿಯಾಗಿ ಬರೆದಿಟ್ಟ. ಮರಾಠರ ಸೀಮೆಯಲ್ಲಿ ಯುದ್ಧ ಹೂಡುವುದಾದರೆ ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಹೊಳೆಗಳು ತುಂಬುವ ಕಾಲದಲ್ಲಿ ಹೂಡಬೇಕು, ಅದು ಸಾಮಾನ್ಯವಾಗಿ ಜೂನ್ ತಿಂಗಳು. ಕುದುರೆ ನೆಚ್ಚಿದ ವೈರಿಗೆ ಹೊಳೆ ಗೋಡೆಯಾಗುತ್ತದೆ, ಹರಿಗೋಲು ಸಿದ್ಧವಿಟ್ಟುಕೊಂಡ ನಮಗೆ ಬಾಗಿಲಾಗುತ್ತದೆ ಎಂಬುದು ಅದರ ತಿರುಳು. ಹೊಳೆ ಯಾವ ತಿಂಗಳಲ್ಲಿ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ನೋಡಿದವರು ಆ ಕಾಲದ ಅಧಿಕಾರಿಗಳಲ್ಲಿ ಅಪರೂಪ. ಆದರೆ ಆ ಆಗಸ್ಟಿನ ಒಂದು ರಾತ್ರಿ ಅದೇಕೆ ಇಳಿಯಿತು ಎಂಬ ಪ್ರಶ್ನೆಗೆ ಅವನಲ್ಲೂ ಉತ್ತರವಿರಲಿಲ್ಲ, ಮನೋಳಿಯ ಅಂಬಿಗರಲ್ಲೂ ಇರಲಿಲ್ಲ. ಉತ್ತರ ಕಣ್ಣಿಗೆ ಕಾಣುವಂಥದಾಗಿರಲಿಲ್ಲ. ಅದನ್ನು ಕಾಣಿಸುವ ಗೆರೆಯನ್ನು ಎಳೆಯಲು ಮನುಷ್ಯರಿಗೆ ಇನ್ನೂ ಅರವತ್ತು ವರ್ಷ ಬೇಕಾಯಿತು.

ಮನೋಳಿಯ ಹೊಳೆಯಲ್ಲಿ ಹರಿಯುವುದು ಮನೋಳಿಯ ಮಳೆಯಲ್ಲ. ಸವದತ್ತಿ ಸೀಮೆಗೆ ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆ ಬಿದ್ದರೆ ರೈತ ಸಮಾಧಾನಪಡುತ್ತಾನೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದ ಘಟ್ಟದ ನೆತ್ತಿಯಲ್ಲಿ. ಅಲ್ಲಿ ಬೀಳುವುದು ಇದರ ಎಷ್ಟೋ ಪಟ್ಟು. ಇಲ್ಲಿ ಬಿಸಿಲು ಬಿದ್ದು ಹೊಲ ಬಾಯಿಬಿಟ್ಟಿರುವಾಗಲೂ ಹೊಳೆಗೆ ಕೆಂಪು ನೀರು ಬರುವುದುಂಟು. ಘಟ್ಟದ ಮಳೆಯನ್ನು ಹೆಚ್ಚಿಸುವುದೂ ತಗ್ಗಿಸುವುದೂ ಅರಬ್ಬೀ ಸಮುದ್ರದಿಂದ ಬರುವ ಪಡುವಣ ಗಾಳಿಯ ಜೋರು. ಆ ಗಾಳಿಯ ಜೋರನ್ನು ನಿರ್ಧರಿಸುವುದು ಒಂದೆಡೆಯ ವಾಯುಭಾರಕ್ಕೂ ಇನ್ನೊಂದೆಡೆಯ ವಾಯುಭಾರಕ್ಕೂ ಇರುವ ಅಂತರ.

ಸಮಭಾರ ರೇಖೆ ಎಂದು ನಮ್ಮ ಶಾಲೆಯ ಭೂಗೋಳ ಪುಸ್ತಕಗಳು ಹೇಳುವ, ಹವಾಮಾನ ಕಚೇರಿಯಲ್ಲಿ ಐಸೋಬಾರ್ ಎಂದೇ ಕರೆಯುವ ಗೆರೆ ಇದೇ ಅಂತರವನ್ನು ತೋರಿಸಲು ಹುಟ್ಟಿದ್ದು. ಒಂದೇ ಹೊತ್ತಿನಲ್ಲಿ ಒಂದೇ ವಾಯುಭಾರವಿರುವ ಊರುಗಳನ್ನು ಭೂಪಟದ ಮೇಲೆ ಗೆರೆ ಎಳೆದು ಕೂಡಿಸಬೇಕು. ಸವದತ್ತಿ, ಬೈಲಹೊಂಗಲದ ರೈತರು ಇಳಿಜಾರು ಹೊಲಕ್ಕೆ ಹಾಕುವ ಸಮಪಾತಳಿ ಬದುವನ್ನು ನೆನೆದರೆ ಸಾಕು. ಒಂದೇ ಎತ್ತರದ ಜಾಗಗಳನ್ನು ಹಿಡಿದು ಬದು ಸಾಗುತ್ತದೆ. ಇಳಿಜಾರು ಕಡಿದಾದಲ್ಲಿ ಬದುಗಳು ಹತ್ತಿರ ಹತ್ತಿರ, ಸಪಾಟಾದಲ್ಲಿ ದೂರ ದೂರ. ಸಮಭಾರ ರೇಖೆಗಳೂ ಹಾಗೆಯೇ: ಒತ್ತೊತ್ತಾಗಿ ಬಂದಲ್ಲಿ ಗಾಳಿ ಜೋರು, ಅಗಲವಾಗಿ ಹರಡಿದಲ್ಲಿ ಗಾಳಿ ಮೆಲ್ಲಗೆ. ಒಂದು ವ್ಯತ್ಯಾಸವಿದೆ. ಹೊಲದ ನೀರು ಬದುವನ್ನು ಅಡ್ಡ ಹಾಯ್ದು ಕೆಳಗಿಳಿಯಲು ನೋಡುತ್ತದೆ. ಗಾಳಿಯಾದರೆ ಭೂಮಿ ತಿರುಗುತ್ತಿರುವುದರಿಂದ ಬಲಕ್ಕೆ ಬಾಗಿ, ಹೆಚ್ಚುಕಡಿಮೆ ಗೆರೆಯ ಗುಂಟವೇ ಬೀಸುತ್ತದೆ. ಇದನ್ನು ಡಚ್ ವಿಜ್ಞಾನಿ ಬೈಸ್ ಬಾಲೋಟ್ 1857ರಲ್ಲಿ ನಿಯಮವಾಗಿ ಹೇಳಿದ. ಉತ್ತರ ಗೋಲಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಭಾರದ ಪ್ರದೇಶ ಎಡಗೈ ಕಡೆಗಿರುತ್ತದೆ. ಜುಲೈ ತಿಂಗಳಲ್ಲಿ ಮನೋಳಿಯ ದಡದಲ್ಲಿ ಪಡುವಣ ಗಾಳಿಗೆ ಬೆನ್ನು ಮಾಡಿ ಮೂಡಣಕ್ಕೆ ಮುಖವಿಟ್ಟು ನಿಲ್ಲಿ. ಎಡಗೈ ಬಡಗಣ ದಿಕ್ಕನ್ನು ತೋರಿಸುತ್ತದೆ. ಸುಮಾರು ಸಾವಿರ ಕಿಲೋಮೀಟರ್ ಆಚೆ, ರಾಜಸ್ಥಾನದಿಂದ ಗಂಗೆಯ ಬಯಲಿನವರೆಗೆ ಮಲಗಿರುವ ಮುಂಗಾರಿನ ಕಡಿಮೆ ಭಾರದ ಪಟ್ಟಿ ನಿಜಕ್ಕೂ ಅತ್ತಲೇ ಇದೆ.

ಈ ಗೆರೆ ಎಳೆಯಲು ಮೊದಲು ಬೇಕಾದದ್ದು ಅಳತೆ. ಪಾದರಸದ ವಾಯುಭಾರಮಾಪಕ ಟಾರಿಚೆಲ್ಲಿಯ ಕಾಲದಿಂದ, ಅಂದರೆ 1643ರಿಂದ ಇತ್ತು. ಅದನ್ನು ಎತ್ತಿನ ಗಾಡಿಯಲ್ಲಿ ದಖ್ಖನಿನ ಮೇಲೆ ಒಡೆಯದಂತೆ ಸಾಗಿಸುವುದೇ ದೊಡ್ಡ ಕಷ್ಟವಾಗಿತ್ತು. ಆ ಕೆಲಸಕ್ಕೆ ಕೈಹಾಕಿದವನು ವಿಲಿಯಂ ಹೆನ್ರಿ ಸೈಕ್ಸ್. ಮುಂಬಯಿ ಸರ್ಕಾರ 1824ರಲ್ಲಿ ಅವನನ್ನು ಅಂಕಿಅಂಶಗಳ ವರದಿಗಾರನಾಗಿ ನೇಮಿಸಿತು. ಪುಣೆ, ಅಹಮದನಗರ, ಖಾನದೇಶ, ಧಾರವಾಡ ಎಂಬ ನಾಲ್ಕು ಕಲೆಕ್ಟರೇಟುಗಳ ಲೆಕ್ಕ ಅವನದು. ಬೆಳಗಾವಿ ಧಾರವಾಡದಿಂದ ಬೇರೆಯಾದದ್ದು ಆಮೇಲೆ, 1836ರಲ್ಲಿ. ಗಾಜಿನ ಕೊಳವೆ ಕೈಕೊಟ್ಟಾಗ ನೀರು ಎಷ್ಟು ಶಾಖಕ್ಕೆ ಕುದಿಯುತ್ತದೆ ಎಂದು ನೋಡಿ ಸೈಕ್ಸ್ ಊರುಗಳ ಎತ್ತರ ಲೆಕ್ಕ ಹಾಕಿದ. ಬೆಳಗಾವಿಯಷ್ಟು ಎತ್ತರದಲ್ಲಿ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ, ಸುಮಾರು ತೊಂಬತ್ತೇಳೂವರೆಗೆ ಕುದಿಯುತ್ತದೆ. ಮೇಲಿನ ಗಾಳಿಯ ಹೊರೆ ಅಷ್ಟು ಹಗುರ.

1835ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಸೈಕ್ಸನ ಲೇಖನ ದಖ್ಖನಿನ ಆಕಾಶದ ಒಂದು ಸೊಗಸಾದ ಗುಟ್ಟನ್ನು ಬಿಚ್ಚಿಟ್ಟಿತು. ಇಲ್ಲಿ ಪಾದರಸಕ್ಕೆ ದಿನಕ್ಕೆ ಎರಡು ಭರತ, ಎರಡು ಇಳಿತ. ಬೆಳಿಗ್ಗೆ ಒಂಬತ್ತು ಹತ್ತರ ನಡುವೆ ಏರಿ ನಿಲ್ಲುತ್ತದೆ, ಸಂಜೆ ನಾಲ್ಕು ಐದರ ನಡುವೆ ಇಳಿಯುತ್ತದೆ, ರಾತ್ರಿ ಮತ್ತೆ ಏರಿ ನಸುಕಿಗೆ ಮುನ್ನ ಮತ್ತೆ ಇಳಿಯುತ್ತದೆ. ಮಳೆಯಿರಲಿ, ಬಿಸಿಲಿರಲಿ, ಈ ಪಾಳಿ ತಪ್ಪುವುದಿಲ್ಲ. ಜರ್ಮನ್ ವಿಜ್ಞಾನಿ ಹಂಬೋಲ್ಟ್ ದಕ್ಷಿಣ ಅಮೆರಿಕದಲ್ಲಿ ಇಂಥದನ್ನೇ ಕಂಡಿದ್ದ. ನಮ್ಮ ಮಟ್ಟಿಗೆ ಇದರ ಮಹತ್ವ ಬೇರೆಯೇ ಇದೆ. ಬೆಳಗಿನ ಏರಿಕೆಗೂ ಸಂಜೆಯ ಇಳಿತಕ್ಕೂ ಇರುವ ಅಂತರ ಈಗಿನ ಅಳತೆಯಲ್ಲಿ ಮೂರು ಹೆಕ್ಟೋಪಾಸ್ಕಲ್ ಆಸುಪಾಸು. ಮುಂಗಾರಿನಲ್ಲಿ ಕರ್ನಾಟಕದ ತೆಂಕಣ ತುದಿಗೂ ಬಡಗಣ ತುದಿಗೂ ಇರುವ ವಾಯುಭಾರದ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ. ಒಂದೂರಿನಲ್ಲಿ ಬೆಳಿಗ್ಗೆ, ಇನ್ನೊಂದೂರಿನಲ್ಲಿ ಸಂಜೆ ಅಳೆದು ಗೆರೆ ಎಳೆದರೆ ಆ ಗೆರೆ ಶುದ್ಧ ಸುಳ್ಳು. ಯೂರೋಪಿನ ಬಿರುಗಾಳಿಗಳಲ್ಲಿ ಪಾದರಸ ಹತ್ತಿಪ್ಪತ್ತು ಪಟ್ಟು ಏರಿಳಿಯುವುದರಿಂದ ಅಲ್ಲಿ ಸಣ್ಣ ತಪ್ಪು ನಡೆದುಹೋಗುತ್ತದೆ. ನಮ್ಮಲ್ಲಿ ನಡೆಯುವುದಿಲ್ಲ.

ಎರಡನೆಯ ತೊಡಕು ಎತ್ತರದ್ದು. ಎಂಟೊಂಬತ್ತು ಮೀಟರ್ ಮೇಲೇರಿದರೆ ಒಂದು ಹೆಕ್ಟೋಪಾಸ್ಕಲ್ ಕಡಿಮೆ. ಕಾರವಾರದಲ್ಲಿ ಸಾವಿರದ ಮೇಲಿರುವ ವಾಯುಭಾರ ಬೆಳಗಾವಿಯಲ್ಲಿ ಒಂಬೈನೂರ ಇಪ್ಪತ್ತೈದರ ಸುತ್ತ ಇರುತ್ತದೆ. ಅಳತೆಗಳನ್ನು ಇದ್ದಂತೆ ಬರೆದು ಗೆರೆ ಎಳೆದರೆ ಸಿಗುವುದು ಘಟ್ಟದ ಚಿತ್ರ, ಗಾಳಿಯದ್ದಲ್ಲ. ಹಾಗಾಗಿ ಪ್ರತಿ ಊರಿನ ಕೆಳಗೂ ಸಮುದ್ರಮಟ್ಟದವರೆಗೆ ಒಂದು ಕಲ್ಪಿತ ಗಾಳಿಯ ಕಂಬವನ್ನು ಸೇರಿಸಿ, ಅದರ ಭಾರವನ್ನು ಕೂಡಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಬೇಕು. ಅದಕ್ಕೆ ಊರಿನ ಎತ್ತರ ಸರಿಯಾಗಿ ಗೊತ್ತಿರಬೇಕು, ಆ ಹೊತ್ತಿನ ಶಾಖ ಗೊತ್ತಿರಬೇಕು. ನಮ್ಮ ಪ್ರಸ್ಥಭೂಮಿಯ ಮೇಲೆ ಹಾದುಹೋಗುವ ಪ್ರತಿ ಸಮಭಾರ ರೇಖೆಯ ಹಿಂದೆ ಭೂಮಾಪನದವರ ಸರಪಳಿ, ಕಲ್ಲುಕಂಬಗಳ ದುಡಿಮೆಯೂ ಇದೆ.

ಇಷ್ಟರಲ್ಲಿ ದೂರದ ದೇಶಗಳಲ್ಲಿ ಗೆರೆ ಎಳೆಯುವ ಕಸುಬು ಬೆಳೆಯುತ್ತಿತ್ತು. ಹಂಬೋಲ್ಟ್ 1817ರಲ್ಲಿ ಸಮಾನ ಶಾಖದ ಗೆರೆಗಳನ್ನು ಎಳೆದು ದಾರಿ ತೋರಿದ್ದ. ಜರ್ಮನಿಯ ಬ್ರಾಂಡೆಸ್ 1820ರಲ್ಲಿ, 1783ರ ಹಳೆಯ ಅಳತೆಗಳನ್ನು ಕೂಡಿಹಾಕಿ ವಾಯುಭಾರದ ಏರುಪೇರಿನ ನಕ್ಷೆ ಮಾಡಲು ಹೊರಟ. ಅಮೆರಿಕದ ಲೂಮಿಸ್ 1840ರ ದಶಕದಲ್ಲಿ ಬಿರುಗಾಳಿಗಳಿಗೆ ಅದನ್ನೇ ಮಾಡಿದ. ಇವೆಲ್ಲ ಕಳೆದುಹೋದ ಹವೆಯ ನಕ್ಷೆಗಳು. ಟೆಲಿಗ್ರಾಫ್ ತಂತಿ ಬಂದ ಮೇಲೆಯೇ ಅಂದಿನ ಗಾಳಿಯನ್ನು ಅಂದೇ ಕಾಣುವುದು ಸಾಧ್ಯವಾಯಿತು. ಪ್ಯಾರಿಸ್ಸಿನಲ್ಲಿ ಲವೆರಿಯೆ 1863ರಲ್ಲಿ ದಿನವಹಿ ಸಮಭಾರ ನಕ್ಷೆಯನ್ನು ಶುರುಮಾಡಿದ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬುಕನ್ 1869ರಲ್ಲಿ ಇಡೀ ಭೂಮಂಡಲಕ್ಕೆ ತಿಂಗಳು ತಿಂಗಳಿನ ಸಮಭಾರ ರೇಖೆಗಳನ್ನು ಎಳೆದು ಅಚ್ಚುಹಾಕಿಸಿದ. ಆ ಹಾಳೆಗಳಲ್ಲಿ ಜುಲೈ ತಿಂಗಳದ್ದನ್ನು ನೋಡಿದರೆ ಏಷ್ಯಾದ ಒಳನಾಡಿನಲ್ಲಿ ಭಾರ ಕುಸಿದಿರುವುದು, ತೆಂಕಣ ಹಿಂದೂ ಮಹಾಸಾಗರದಲ್ಲಿ ಏರಿರುವುದು ಎದ್ದು ಕಾಣುತ್ತದೆ. ವೆಲ್ಲೆಸ್ಲಿಯ ಹೊಳೆಗಳು ಜೂನಿನಲ್ಲೇ ಏಕೆ ತುಂಬುತ್ತವೆ ಎಂಬುದಕ್ಕೆ ಮೊದಲ ಚಿತ್ರರೂಪದ ಉತ್ತರ ಅದು.

ಭಾರತದಲ್ಲಿ ಈ ಕೆಲಸಕ್ಕೆ ಸರ್ಕಾರವನ್ನು ಎಬ್ಬಿಸಿದ್ದು ಸಾವುಗಳು: 1864ರ ಕಲ್ಕತ್ತೆಯ ಚಂಡಮಾರುತ, 1866ರ ಒಡಿಶಾದ ಬರ. 1875ರಲ್ಲಿ ಹೆನ್ರಿ ಬ್ಲ್ಯಾನ್‌ಫರ್ಡ್ ಮುಖಂಡತ್ವದಲ್ಲಿ ಹವಾಮಾನ ಇಲಾಖೆ ಹುಟ್ಟಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಚಾರ್ಲ್ಸ್ ಚೇಂಬರ್ಸ್ 1878ರಲ್ಲಿ ಮುಂಬಯಿ ಪ್ರಾಂತದ ಹವಾಮಾನದ ಬಗ್ಗೆ ದಪ್ಪ ಗ್ರಂಥ ಹೊರತಂದ. ಅದರಲ್ಲಿ ಬೆಳಗಾವಿಯ ಅಳತೆಗಳೂ ಸೇರಿದ್ದವು. ಅದೇ ವರ್ಷ ಸಿಮ್ಲಾದಿಂದ ದಿನವಹಿ ಹವಾಮಾನ ವರದಿ ಹೊರಡತೊಡಗಿತು.

1875ಕ್ಕೂ 1878ಕ್ಕೂ ನಡುವೆ ಏನಾಯಿತು ಎಂಬುದನ್ನು ಈ ಸೀಮೆಯ ಯಾರೂ ಮರೆಯಬಾರದು. 1876ರಲ್ಲಿ, ಧಾತು ಸಂವತ್ಸರದಲ್ಲಿ, ಹಿಂಗಾರಿಗೆ ಆಧಾರವಾದ ಸೆಪ್ಟೆಂಬರ್, ಅಕ್ಟೋಬರ್ ಮಳೆ ಕೈಕೊಟ್ಟಿತು. ಎರೆಭೂಮಿಯಲ್ಲಿ ಬಿಳಿಜೋಳ ಬಿತ್ತುವ ಹೊತ್ತಿಗೆ ಹಸಿಯೇ ಇರಲಿಲ್ಲ. ಮರುವರ್ಷ, ಈಶ್ವರ ಸಂವತ್ಸರದಲ್ಲಿ, ಮುಂಗಾರು ಸೆಪ್ಟೆಂಬರಿನವರೆಗೂ ಸೊರಗಿಯೇ ಇತ್ತು. ಬೆಳಗಾವಿಯ ಮೂಡಣ ತಾಲ್ಲೂಕುಗಳು, ಧಾರವಾಡ, ಕಲಾದಗಿ, ಬಳ್ಳಾರಿ, ಮೈಸೂರು ಸೀಮೆ ಒಂದರ ಪಕ್ಕ ಒಂದು ಬೆಂದುಹೋದವು. ಧಾತು ಈಶ್ವರ ಬರ ಎಂದು ಹೆಸರಾದದ್ದು ಇದೇ. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಮಂದಿ ತೀರಿಕೊಂಡರು. ದಕ್ಷಿಣ ಭಾರತದ ಲೆಕ್ಕ ಐವತ್ತು ಲಕ್ಷ ದಾಟಿತು. ಬರದ ಕಾಮಗಾರಿಗೆ ಬಂದವರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಚಿಲ್ಲರೆ ಕಾಸು ಸಾಕು ಎಂದು ಸರ್ಕಾರ ಕಳಿಸಿದ್ದ ಅಧಿಕಾರಿ ರಿಚರ್ಡ್ ಟೆಂಪಲ್ ಕೂಲಿ ಇಳಿಸಿದ. ಮುಂಬಯಿ ಪ್ರಾಂತದ ಎಷ್ಟೋ ಕಡೆ ಜನ ಆ ಕೂಲಿಯನ್ನು ಧಿಕ್ಕರಿಸಿ ಕಾಮಗಾರಿ ಬಿಟ್ಟು ಹೊರಟರು. ಗಾಳಿಯನ್ನು ದೂರಿ ಈ ತೀರ್ಮಾನವನ್ನು ಮರೆಸುವಂತಿಲ್ಲ. ಮಳೆ ತಪ್ಪಿದ್ದು ಆಕಾಶದಿಂದ, ಕೂಲಿ ಕಡಿದದ್ದು ಕಚೇರಿಯಿಂದ.

ಆ ಹಸಿವಿನ ವರ್ಷಗಳಲ್ಲೂ ಮುಂಬಯಿ, ಬೆಳಗಾವಿ, ಮದರಾಸುಗಳಲ್ಲಿ ಗುಮಾಸ್ತರು ಹೊತ್ತು ತಪ್ಪದೆ ಪಾದರಸದ ಮಟ್ಟವನ್ನು ಬರೆದಿಡುತ್ತಿದ್ದರು. ಬರದ ಬಳಿಕ ಆ ಅಂಕಿಗಳನ್ನು ಹರಡಿಕೊಂಡು ಕೂತವನು ಪಶ್ಚಿಮ ಭಾರತದ ಹವಾಮಾನ ವರದಿಗಾರ ಫ್ರೆಡ್ ಚೇಂಬರ್ಸ್. ಮುಂಬಯಿ, ಮದರಾಸು, ಕಲ್ಕತ್ತೆಗಳ ಅಂಕಿಗಳ ಜೊತೆ ಮಾರಿಷಸ್, ಸೇಂಟ್ ಹೆಲೆನಾ, ಬಟಾವಿಯಾಗಳ ಅಂಕಿಗಳನ್ನೂ ಇಟ್ಟು ನೋಡಿದ. ಬರ ಬಿದ್ದ ಕಾಲದಲ್ಲಿ ವಾಯುಭಾರ ರೂಢಿಗಿಂತ ಮೇಲೆಯೇ ನಿಂತಿತ್ತು. ಒಂದು ದಿನವಲ್ಲ, ಒಂದು ವಾರವಲ್ಲ, ತಿಂಗಳುಗಟ್ಟಲೆ. ಹೆಚ್ಚಿದ ಭಾರದ ಈ ಅಲೆ ಪಡುವಣದಿಂದ ಮೂಡಣಕ್ಕೆ ನಿಧಾನವಾಗಿ ಸಾಗುತ್ತದೆ, ಅದರ ಬೆನ್ನಿಗೆ ಬರ ಬರುತ್ತದೆ ಎಂದು 1880ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ. ಇದರ ಮೂಲ ಸೂರ್ಯನ ಕಲೆಗಳಲ್ಲಿದೆ ಎಂಬ ಅವನ ವಾದ ನಿಲ್ಲಲಿಲ್ಲ. ಆದರೆ ಮಳೆ ತಪ್ಪುವುದನ್ನು ಮೊದಲೇ ಪಾದರಸದಲ್ಲಿ ಓದಬಹುದೇ ಎಂಬ ಅವನ ಪ್ರಶ್ನೆ ನಿಂತಿತು. ಬ್ಲ್ಯಾನ್‌ಫರ್ಡ್‌ನೂ ಆ ವರ್ಷಗಳ ಹೆಚ್ಚಿನ ವಾಯುಭಾರ ಭಾರತದ ಗಡಿಯಾಚೆ ಬಹುದೂರ ಹಬ್ಬಿದ್ದನ್ನು ಗುರುತಿಸಿದ. ಆಸ್ಟ್ರೇಲಿಯಾದ ಚಾರ್ಲ್ಸ್ ಟಾಡ್ 1888ರಲ್ಲಿ ತಮ್ಮಲ್ಲಿ ಬರ ಬಿದ್ದಾಗ ಭಾರತದಲ್ಲೂ ಬೀಳುತ್ತದೆ ಎಂದ. ಈ ಎಳೆಗಳನ್ನೆಲ್ಲ ಹೆಣೆದು ಹವಾಮಾನ ಇಲಾಖೆಯ ಗಿಲ್ಬರ್ಟ್ ವಾಕರ್ 1924ರಲ್ಲಿ ದಕ್ಷಿಣದ ತೂಗಾಟ ಎಂದು ಹೆಸರಿಟ್ಟ. ಪೆಸಿಫಿಕ್ ಕಡೆ ಭಾರ ಇಳಿದರೆ ಹಿಂದೂ ಮಹಾಸಾಗರದ ಕಡೆ ಏರುತ್ತದೆ, ಇಲ್ಲಿ ಇಳಿದರೆ ಅಲ್ಲಿ ಏರುತ್ತದೆ. 1877 ಉಗ್ರವಾದ ಎಲ್ ನಿನೋ ವರ್ಷವಾಗಿತ್ತೆಂದು ಇಂದು ನಮಗೆ ಗೊತ್ತು. ಸವದತ್ತಿಯ ಎರೆಹೊಲ ಒಣಗಿದ್ದಕ್ಕೂ ಪೆರುವಿನ ಕಡಲು ಬಿಸಿಯಾದದ್ದಕ್ಕೂ ಇರುವ ನಂಟನ್ನು ಹಿಡಿಯಲು ದಾರಿ ತೆರೆದದ್ದು ವಾಯುಭಾರದ ಈ ದಫ್ತರಗಳು.

ಮೈಸೂರು ಸಂಸ್ಥಾನ ಈ ದಫ್ತರದ ಕೆಲಸವನ್ನು ತನ್ನದೇ ಹಣದಲ್ಲಿ ಮಾಡಿತು. 1890ರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲ್ ಜಾನ್ ಕುಕ್ ನೇತೃತ್ವದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳು ಎದ್ದವು. ಮುಂಬಯಿ ಕರ್ನಾಟಕದ ನಮಗೆ ಅಂಥ ಭಾಗ್ಯ ಬರಲಿಲ್ಲ. ಬೆಳಗಾವಿ, ಕಾರವಾರ ಬಿಟ್ಟರೆ ನಡುವಿನ ಬಯಲೆಲ್ಲ ಬಹುಕಾಲ ಗೆರೆ ಎಳೆಯುವವನ ಊಹೆಗೆ ಬಿಟ್ಟ ಜಾಗವಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಗೆರೆಗಳು ಇನ್ನಷ್ಟು ನವುರಾದವು. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯ ಗುಂಟ ಸಮಭಾರ ರೇಖೆಗಳು ನೇರ ಮೂಡಣಕ್ಕೆ ಹೋಗದೆ ಕಡಲಂಚಿನಲ್ಲಿ ತುಸು ಬಾಗುತ್ತವೆ. ಗುಜರಾತಿನಿಂದ ಕೇರಳದವರೆಗೆ ಕಡಿಮೆ ಭಾರದ ಒಂದು ಕಿರಿದಾದ ದ್ರೋಣಿ ಬೀಳುತ್ತದೆ. ಅದರೊಳಗೆ ಸಣ್ಣ ಸಣ್ಣ ಸುಳಿಗಳು ಹುಟ್ಟಿ ಘಟ್ಟದ ಮೇಲೆ ಭಾರೀ ಮಳೆ ಸುರಿಸುತ್ತವೆ ಎಂದು ಪಿ.ಎ. ಜಾರ್ಜ್ 1956ರಲ್ಲಿ ತೋರಿಸಿದರು. ಬಾಗು ಒಂದೆರಡು ಹೆಕ್ಟೋಪಾಸ್ಕಲ್‌ನಷ್ಟು ಮಾತ್ರ. ನಕ್ಷೆಯ ಮೇಲೆ ಕಣ್ಣಿಟ್ಟು ಹುಡುಕದಿದ್ದರೆ ತಪ್ಪಿಹೋಗುತ್ತದೆ. ಆದರೆ ಕಣಕುಂಬಿಯ ಮಳೆ, ಅದರ ಬೆನ್ನಿಗೆ ಮಲಪ್ರಭೆಯ ಮಟ್ಟ, ಈ ಬಾಗಿನ ಮೇಲೆ ನಿಂತಿವೆ. ದ್ರೋಣಿ ಗಟ್ಟಿಯಾಗಿದ್ದು, ಬಂಗಾಳ ಕೊಲ್ಲಿಯಿಂದ ಒಂದು ವಾಯುಭಾರ ಕುಸಿತ ಒಡಿಶಾದ ಮೇಲೆ ಬಂದರೆ ಇಲ್ಲಿಯ ಗೆರೆಗಳು ಒತ್ತೊತ್ತಾಗುತ್ತವೆ, ಪಡುವಣ ಗಾಳಿ ಹುಚ್ಚೇಳುತ್ತದೆ. ಗಂಗೆಯ ಬಯಲಿನ ಕಡಿಮೆ ಭಾರದ ಪಟ್ಟಿ ಹಿಮಾಲಯದ ಬುಡಕ್ಕೆ ಸರಿದರೆ ಗೆರೆಗಳು ದಖ್ಖನಿನ ಮೇಲೆ ಅಗಲವಾಗಿ ಹರಡುತ್ತವೆ, ಮುಂಗಾರು ಬಿಡುವು ಕೊಡುತ್ತದೆ, ಹೊಳೆ ಇಳಿಯುತ್ತದೆ. ಆಗಸ್ಟ್ ತಿಂಗಳಲ್ಲಿ ಇಂಥ ಬಿಡುವು ಮಾಮೂಲು. 1800ರ ಆಗಸ್ಟಿನಲ್ಲಿ ಧೋಂಡಿಯಾನಿಗೆ ದಾರಿ ಬಿಟ್ಟ ಮಲಪ್ರಭೆಯ ಹಿಂದೆಯೂ ಇಂಥದೊಂದು ಇದ್ದಿರಬಹುದೆಂದು ನಾನು ನಂಬುತ್ತೇನೆ. ಅಂದಿನ ನಕ್ಷೆ ಇಲ್ಲದ್ದರಿಂದ ಇದು ನಂಬಿಕೆಯಷ್ಟೇ.

ಮನೋಳಿಗೆ ತುಸು ಮೇಲೆ, ನವಿಲುತೀರ್ಥದ ಕಣಿವೆಯಲ್ಲಿ ಗುಡ್ಡ ಸೀಳಿಕೊಂಡು ಹೊಳೆ ಹೊರಬರುವಲ್ಲಿ, 1972ರಲ್ಲಿ ಅಣೆಕಟ್ಟು ಮುಗಿಯಿತು. ರೇಣುಕಾ ಸಾಗರದ ಸಾಮರ್ಥ್ಯ 37.73 ಟಿಎಂಸಿ. ಅದು ತುಂಬಿದ ವರ್ಷಗಳಿಗಿಂತ ತುಂಬದೆ ರೈತರು ಮೋರೆ ಬಾಡಿಸಿಕೊಂಡ ವರ್ಷಗಳೇ ಹೆಚ್ಚು. 2019ರ ಆಗಸ್ಟ್ ಮೊದಲ ವಾರದಲ್ಲಿ ಚಿತ್ರ ತಿರುಗಿಬಿತ್ತು. ಕರಾವಳಿಯ ದ್ರೋಣಿ ಗಟ್ಟಿಯಾಗಿತ್ತು. ಆಗಸ್ಟ್ 7ರಂದು ಬಂಗಾಳ ಕೊಲ್ಲಿಯ ಆಳವಾದ ವಾಯುಭಾರ ಕುಸಿತ ಒಡಿಶಾದ ಬಡಗಣ ಕರಾವಳಿ ದಾಟಿತು. ಖಾನಾಪುರದ ಘಟ್ಟದಲ್ಲಿ ಮಳೆ ನಿಲ್ಲಲೇ ಇಲ್ಲ. ಜಲಾಶಯ ತುಂಬಿ ಗೇಟುಗಳನ್ನು ಎತ್ತಲೇಬೇಕಾಯಿತು. ಮನೋಳಿಯ ಸೇತುವೆ ಮುಳುಗಿತು, ಹೊಳೆಯಂಚಿನ ಓಣಿಗಳಿಗೆ ನೀರು ನುಗ್ಗಿತು, ರಾಮದುರ್ಗದವರೆಗೂ ದಡದ ಊರುಗಳು ಒದ್ದೆಯಾದವು. ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಬಿದ್ದವು.

ಈಗ ಬೆಳಗಿನ ಎಂಟೂವರೆಗೆ ದೇಶದ ಎಲ್ಲ ವೀಕ್ಷಣಾಲಯಗಳಲ್ಲಿ ಒಂದೇ ಗಳಿಗೆಗೆ ವಾಯುಭಾರ ಅಳೆದು, ಎರಡೆರಡು ಹೆಕ್ಟೋಪಾಸ್ಕಲ್‌ಗೆ ಒಂದರಂತೆ ಗೆರೆ ಎಳೆಯುತ್ತಾರೆ. ಮುಂಗಾರಿನ ಆ ನಕ್ಷೆಯಲ್ಲಿ ತಿರುವನಂತಪುರಕ್ಕೂ ಮುಂಬಯಿಯ ಬಡಗಣದ ದಹಾಣುವಿಗೂ ನಡುವೆ ಎಷ್ಟು ಗೆರೆಗಳು ಹಾಯ್ದಿವೆ ಎಂದು ಪರಿಣತರು ಮೊದಲು ಎಣಿಸುತ್ತಾರೆ. ನವಿಲುತೀರ್ಥದ ಗೇಟು ಎಷ್ಟು ಮುಂಚೆ, ಎಷ್ಟೆಷ್ಟಾಗಿ ಎತ್ತಬೇಕು ಎಂದು ಕೂಡಿ ಯೋಚಿಸುವವರ ಮೇಜಿನ ಮೇಲೆ ಒಳಹರಿವಿನ ಅಂಕಿಯ ಪಕ್ಕದಲ್ಲಿ ಆ ಎಣಿಕೆಯೂ ಇರಬೇಕು. ಘಟ್ಟದ ನೀರು ಜಲಾಶಯ ಮುಟ್ಟಿದ ಮೇಲೆ ಮನೋಳಿಯವರಿಗೆ ಮನೆಯ ಸಾಮಾನು ಎತ್ತಿಡಲು ಸಿಗುವುದು ಗಂಟೆಗಳು. ಗೆರೆಗಳು ಒತ್ತತೊಡಗಿದ ಹೊತ್ತಿನಿಂದ ಲೆಕ್ಕ ಹಿಡಿದರೆ ದಿನಗಳು ಸಿಗುತ್ತವೆ.